ಮಂಗಳನ ಮಣ್ಣಿನಲ್ಲಿ ಒಂದು ನಿಂಬೆಹಣ್ಣು

ಟಕ್ಕಟಕ, ಟಕ್ಕಟಕ, ಆಮೇಲೆ ಒಂದು ಬಿಕ್ಕಳಿಕೆ. ಮತ್ತೆ ಟಕ್ಕಟಕ. ಶಿಕಾರಿಪುರದಲ್ಲಿ ನಾನು ಮೂವತ್ತು ವರ್ಷ ಫಿಸಿಕ್ಸ್ ಹೇಳಿಕೊಟ್ಟ ಶಾಲೆಯ ಲ್ಯಾಬಿನ ವ್ಯಾಕ್ಯೂಮ್ ಪಂಪಿನ ಸದ್ದು ಅದು. ಬೆಲ್ಟು ಒಂದು ಕಡೆ ಸವೆದಿತ್ತು. ಸವೆದ ಜಾಗ ಚಕ್ರದ ಮೇಲೆ ಬಂದಾಗಲೆಲ್ಲ ಬಿಕ್ಕಳಿಸುತ್ತಿತ್ತು. ದಸರಾ ರಜೆಯ ಮೂರು ಹಗಲು ಖಾಲಿ ಶಾಲೆಯಲ್ಲಿ, ಮರದ ಸ್ಟೂಲಿನ ಮೇಲೆ ಕೂತು, ಆ ಸದ್ದು ನಿಲ್ಲದಿರಲಿ ಅಂತ ಬೇಡಿಕೊಂಡಿದ್ದೇನೆ. ಗಾಜಿನ ಬೆಲ್ ಜಾರಿನೊಳಗೆ ಇದ್ದದ್ದು ಹೋಳು ಮಾಡಿದ ನಾಲ್ಕು ನಿಂಬೆಹಣ್ಣು. ಆ ಹಣ್ಣಿನ ಮೇಲೆ ನಿಂತಿದ್ದದ್ದು ಒಬ್ಬ ಮುದುಕಿಯ ಕೊನೆಯ ಪಾತ್ರ.

ಮುದುಕಿ ಅಂದುಬಿಟ್ಟೆ. ಅವರು ನನಗಿಂತ ಮೂರೇ ವರ್ಷ ದೊಡ್ಡವರು.

ಮೊದಲಿನಿಂದ ಹೇಳುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಸೊರಬದವನು, ಟೀವಿಯಲ್ಲಿ ನಿರ್ದೇಶಕನಾಗಿದ್ದ. ಒಂದು ದಿನ ಮನೆಗೆ ಬಂದು, "ಮಿಸ್, ಮಂಗಳ ಗ್ರಹದ ಮೇಲೆ ಒಂದು ಸೀರಿಯಲ್ ಮಾಡ್ತಿದೀನಿ. ತಪ್ಪು ಹಿಡಿಯೋಕೆ ಒಬ್ರು ಬೇಕು. ನನಗೆ ಗೊತ್ತಿರೋರಲ್ಲಿ ತಪ್ಪು ಹಿಡಿಯೋದ್ರಲ್ಲಿ ನೀವೇ ಫಸ್ಟ್ ರ‍್ಯಾಂಕ್" ಅಂದ. ಇಂಥ ಹೊಗಳಿಕೆ ನನಗೆ ಅಭ್ಯಾಸ. ಒಪ್ಪಿಕೊಂಡೆ.

ಸೊರಬದ ಹತ್ತಿರ ಕೆಲಸ ನಿಂತ ಒಂದು ಜಂಬಿಟ್ಟಿಗೆ ಕಲ್ಲಿನ ಕ್ವಾರಿ ನಮ್ಮ ಮಂಗಳ. ಕೆಂಪು ಗೋಡೆ, ಕೆಂಪು ನೆಲ, ಒಂದು ಹುಲ್ಲುಕಡ್ಡಿ ಇಲ್ಲ. ಒಳಾಂಗಣಕ್ಕೆ ಶಿಕಾರಿಪುರದ ಮುಚ್ಚಿಹೋದ ರೈಸ್ ಮಿಲ್. ವಾರಕ್ಕೊಂದು ಕಂತು, ಭಾನುವಾರ, ಒಟ್ಟು ಇಪ್ಪತ್ತಾರು. ನಾನು ಶಿರಾಳಕೊಪ್ಪದಲ್ಲಿ ಬಸ್ ಬದಲಿಸಿ ಭೂಮಿಗೂ ಮಂಗಳಕ್ಕೂ ಓಡಾಡುತ್ತಿದ್ದೆ.

ನನ್ನ ಹತ್ತಿರ ಒಂದು ಲಾಂಗ್ ನೋಟ್‌ಬುಕ್. ಬಲಗಡೆ ಪುಟದಲ್ಲಿ ವಿಜ್ಞಾನ: ಅಲ್ಲಿ ಭಾರ ನಮ್ಮ ಭಾರದ ಶೇಕಡಾ ಮೂವತ್ತೆಂಟು, ಗಾಳಿಯ ಒತ್ತಡ ಇಲ್ಲಿನ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ, ಸೂರ್ಯಾಸ್ತ ನೀಲಿ. ಎಡಗಡೆ ಪುಟದಲ್ಲಿ ನಾವೇ ಹೇಳಿಬಿಟ್ಟದ್ದು: ಯಾವ ಕಂತಿನಲ್ಲಿ ಯಾರು ಏನು ಅಂದರು, ಯಾವ ಬಾಗಿಲು ಯಾವ ಕಡೆ ತೆರೆಯಿತು, ಯಾರ ಕೈಯಲ್ಲಿ ಯಾವ ಗಾಯ. ಬಲಗಡೆ ತಪ್ಪಿದರೆ ಕಾಲೇಜು ಹುಡುಗರು ನಗುತ್ತಾರೆ. ಎಡಗಡೆ ತಪ್ಪಿದರೆ ಮನೆಮಂದಿಯೆಲ್ಲ ನಗುತ್ತಾರೆ. ಪ್ರತಿ ಶಾಟ್ ಆದಮೇಲೆ ಕಂಟಿನ್ಯುಯಿಟಿ ಶೀಟಿನಲ್ಲಿ ನಾನು 'ಓಕೆ' ಅಂತ ಬರೆದು ಸಹಿ ಹಾಕಬೇಕು. ಸಹಿ ಇಲ್ಲದೆ ಮುಂದಿನ ಶಾಟ್ ಇಲ್ಲ.

ಮೊದಲ ವಾರವೇ ನಾನು ಹಿಡಿದ ಹಟ ಒಂದು: ಮಂಗಳದಿಂದ ಭೂಮಿಗೆ ಯಾರೂ ಫೋನಿನ ಹಾಗೆ ಮಾತಾಡುವಂತಿಲ್ಲ. ಬೆಳಕೇ ಅಷ್ಟು ದೂರ ಹೋಗಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ. ಅಳುವುದಿದ್ದರೆ ಒಬ್ಬರೇ ಅತ್ತು ಕಳಿಸಬೇಕು. ನಿರ್ದೇಶಕ ತಲೆ ಕೆರೆದುಕೊಂಡ. ಆಮೇಲೆ ಕೊನೆಯ ಕಂತಿಗೆ ಒಂದು ದೃಶ್ಯ ಬರೆದ. ಕ್ಯಾಂಪಿನ ಹಿರಿಯಳು, ಪಾಚಿ ಟ್ಯಾಂಕ್ ನೋಡಿಕೊಳ್ಳುವ ಶಾಂತವ್ವ, ಭೂಮಿಯಲ್ಲಿರುವ ಮಗಳಿಗೆ ಸಂದೇಶ ಕಳಿಸುತ್ತಾಳೆ. ಉತ್ತರ ಬರುವ ಮುಂಚೆ ಮಾತು ಮುಗಿಸಬೇಕು. ಮೂರೂವರೆ ನಿಮಿಷ, ಕ್ಯಾಮೆರಾಕ್ಕೆ ನೇರ, ಒಬ್ಬಳೇ.

ಶಾಂತವ್ವ ಆಗಿದ್ದವರು ತೊಗರ್ಸಿ ಕಡೆಯವರು. ನಲವತ್ತು ವರ್ಷ ಕಂಪನಿ ನಾಟಕದಲ್ಲಿ ಪಾರ್ಟು ಮಾಡಿದವರು. ಎಲ್ಲರೂ ಅವರನ್ನು ಅಕ್ಕಾವ್ರು ಅನ್ನುತ್ತಿದ್ದೆವು. ನನ್ನನ್ನು ಅವರು ಟೀಚರಮ್ಮ ಅನ್ನುತ್ತಿದ್ದರು. ಒಂದು ಸಂಜೆ ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೇ ಕೂತಿದ್ದಾಗ ಹೇಳಿದರು: "ಟೀಚರಮ್ಮಾ, ಯಾರ ಮುಂದೂ ಆಡಬ್ಯಾಡ್ರಿ. ಹೊಸಾ ಮಾತು ನನ್ನ ತಲ್ಯಾಗ ನಿಲ್ಲವಲ್ದು. ಮುಂಜಾನೆ ಹಾಕ್ಕೊಂಡಿದ್ದು ಊಟದ ಹೊತ್ತಿಗೆ ಖಾಲಿ."

"ಡಾಕ್ಟರ್ ಏನಂದ್ರು?"

"ಏನಂತಾರ? ವಯಸ್ಸು ಅಂದ್ರು. ಮುಂದ ಇನ್ನೂ ಹೋಗ್ತೈತಿ ಅಂದ್ರು." ಸ್ವಲ್ಪ ಹೊತ್ತು ಬಸ್ಸುಗಳನ್ನು ನೋಡಿದರು. "ಆ ಕೊನೀ ಮಾತು ಐತಲ್ಲ, ಮಗಳಿಗೆ ಹೇಳೋದು, ಅದನ್ನ ಮೊದಲ ದಿನದಿಂದ ದಿನಾ ಹೊಡದು ಹೊಡದು ಕೂರ್ಸೀನಿ. ಸಾವಿರ ಸಲ ಸ್ಟೇಜ್ ಹತ್ತೀನ್ರಿ. ಒಂದಾದ್ರೂ ಉಳದೈತೇನು? ಪರದೆ ಬಿತ್ತು, ಮುಗೀತು. ಇದೊಂದು ಉಳೀತೈತಿ. ಅಲ್ಲೀ ತನಕ ನನ್ನ ತಲಿ ಗಟ್ಟಿ ಇದ್ರ ಸಾಕು."

ಅವತ್ತಿನಿಂದ ಅವರ ಸಣ್ಣಪುಟ್ಟ ಮಾತುಗಳನ್ನು ದಪ್ಪ ಅಕ್ಷರದಲ್ಲಿ ಕಾರ್ಡಿನ ಮೇಲೆ ಬರೆದು, ಕಂಟಿನ್ಯುಯಿಟಿ ನೋಡುವ ನೆಪದಲ್ಲಿ ಪಾಚಿ ಟ್ಯಾಂಕಿನ ಹಿಂದೆ ಅಂಟಿಸಿಡುವುದು ನನ್ನ ಗುಟ್ಟಿನ ಕೆಲಸವಾಯಿತು. ಕಂತುಗಳು ಒಂದೊಂದೇ ಮುಂದೆ ಹೋಗುತ್ತಿದ್ದವು. ಇಪ್ಪತ್ತಾರು ಇನ್ನೂ ದೂರ ಇತ್ತು.

ಹದಿನಾಲ್ಕನೇ ಕಂತು. ಕ್ಯಾಂಪಿನ ಮೂವರು ಕಿರಿಯರು ಹೊಸ ರೋವರ್ ಹತ್ತಿ ನೀರಿನ ಮಂಜುಗಡ್ಡೆ ಹುಡುಕಲು ಹೊರಡುತ್ತಾರೆ. ಶಾಂತವ್ವ ಸೂಟ್ ಹಾಕಿಕೊಂಡು ಬಾಗಿಲ ಹೊರಗೆ ನಿಂತು ನೋಡುತ್ತಾಳೆ. ರೋವರ್ ಅಂದರೆ ಒಂದು ಪವರ್ ಟಿಲ್ಲರ್, ಅದಕ್ಕೊಂದು ಟ್ರೇಲರ್, ಎರಡಕ್ಕೂ ತಗಡು ಸುತ್ತಿ ಬೆಳ್ಳಿ ಬಣ್ಣ ಹೊಡೆದದ್ದು. ಕ್ವಾರಿಯ ಇಳಿಜಾರಿನಲ್ಲಿ ಅದರ ಬ್ರೇಕನ್ನು ಯಾರೂ ನಂಬುತ್ತಿರಲಿಲ್ಲ. ಬೆಳಿಗ್ಗೆ ಎರಡು ಸಲ ರಿಹರ್ಸಲ್, ಊಟವಾದ ಮೇಲೆ ಟೇಕ್. ಗಾಡಿ ಚೆನ್ನಾಗಿ ಇಳಿಯಿತು. ನಾನು ಬಾಗಿಲು ನೋಡಿದೆ, ಸೂಟಿನ ಕೊಳವೆ ಎಡಗಡೆ ಇದೆಯಾ ನೋಡಿದೆ, ಧೂಳು ಮೇಲೆದ್ದ ರೀತಿ ನೋಡಿದೆ. ಓಕೆ ಬರೆದು ಸಹಿ ಹಾಕಿದೆ.

ಭಾನುವಾರ ಪ್ರಸಾರವಾಯಿತು. ಸೋಮವಾರ ಬೆಳಿಗ್ಗೆ ನಿರ್ದೇಶಕ ಒಂದು ಫೋಟೋ ಕಳಿಸಿದ, ನೋಡುಗರು ಕಂತಿನಿಂದ ತೆಗೆದು ಹರಿಬಿಟ್ಟದ್ದು. ರೋವರ್ ಮುಂದೆ ಹೋದಮೇಲೆ ಚಕ್ರದ ಗುರುತಿನ ನಡುವೆ, ಮಂಗಳನ ಕೆಂಪು ಮಣ್ಣಿನ ಮೇಲೆ, ಒಂದು ಅರ್ಧ ನಿಂಬೆಹಣ್ಣು. ಅಪ್ಪಚ್ಚಿಯಾದದ್ದು. ಕುಂಕುಮ ಹಚ್ಚಿದ್ದು. ಯಾರೋ ಅದರ ಸುತ್ತ ಹಸಿರು ಗೆರೆ ಎಳೆದಿದ್ದರು. ಕೆಳಗೆ, 'ಮಂಗಳದಲ್ಲಿ ಉಪ್ಪಿನಕಾಯಿಗೆ ಬರ ಇಲ್ಲ' ಅಂತ. ಇನ್ನೊಬ್ಬರು, 'ಆರ್‌ಟಿಓ ಯಾವ ಊರಿಂದು?'

ನಾನು ಆ ಫೋಟೋವನ್ನು ಎಷ್ಟು ಹೊತ್ತು ನೋಡಿದೆನೋ. ಅಂದು ಕ್ವಾರಿಯಲ್ಲಿ ಸುಮಾರು ನಲವತ್ತು ಜನ ಇದ್ದೆವು. ಕ್ಯಾಮೆರಾದವರು ನೋಡಿದ್ದಾರೆ, ಆರ್ಟಿನವರು ಸೊಂಟ ಬಗ್ಗಿಸಿ ಚಕ್ರದ ಗುರುತು ಸರಿಮಾಡಿದ್ದಾರೆ, ನಾನು ಕನ್ನಡಕ ಒರೆಸಿಕೊಂಡು ನೋಡಿದ್ದೇನೆ, ಬೆಂಗಳೂರಿನಲ್ಲಿ ಎಡಿಟರ್ ನೋಡಿದ್ದಾನೆ. ಯಾರಿಗೂ ಕಾಣಲಿಲ್ಲ. ಹೊಸ ಗಾಡಿ ಹೊರಡುವಾಗ ಗಾಲಿ ಕೆಳಗೆ ನಿಂಬೆಹಣ್ಣು ಇರುವುದು ನಮ್ಮ ಕಣ್ಣಿಗೆ ವಸ್ತುವೇ ಅಲ್ಲ. ಟೈರಿಗೆ ಗಾಳಿ ಇದ್ದ ಹಾಗೆ ಅದು. ಬೇರೆ ದೇಶದವರೊಬ್ಬರು ಇದ್ದಿದ್ದರೆ ಕೂಗಿ ಹೇಳುತ್ತಿದ್ದರು. ನಮ್ಮಲ್ಲಿ ಯಾರು ಹೇಳಬೇಕು?

ಆ ಮಧ್ಯಾಹ್ನ ರೈಸ್ ಮಿಲ್ಲಿನಲ್ಲಿ ವಿಡಿಯೋ ಕಾಲ್. ಚಾನೆಲ್ಲಿನ ಮೇಡಂ ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ, ತುಂಬ ಸುಸ್ತಾಗಿದ್ದರು. "ಇದು ಮೂರನೇ ಕಂತಿಗೂ ಕಾಂಟ್ರಡಿಕ್ಷನ್. 'ಹನ್ನೊಂದು ವರ್ಷದಿಂದ ಒಂದು ಹಣ್ಣಿನ ರುಚಿ ನೋಡಿಲ್ಲ' ಅಂತ ಆ ಅಜ್ಜಿ ಅತ್ತಿದ್ದು ನಮ್ಮ ಪ್ರೋಮೋ. ಈಗ ಅದೇ ಪ್ರೋಮೋ ಪಕ್ಕದಲ್ಲಿ ನಿಂಬೆಹಣ್ಣು ಇಟ್ಟು ನಗ್ತಿದಾರೆ. ಯಾರು ಇಟ್ಟಿದ್ದು ಅದು?"

ಆರ್ಟಿನವರು ನೆಲ ನೋಡಿದರು. ನನಗೆ ಗೊತ್ತಿತ್ತು. ಬೆಳಿಗ್ಗೆ ಅಕ್ಕಾವ್ರು ಸೆರಗಿನಿಂದ ಹಣ್ಣು ತೆಗೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಕಂಡು ಮರೆತಿದ್ದೆ. ಹತ್ತು ವರ್ಷ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಬೆಳೆದವಳು ನಾನು. ಯಾರಾದರೂ ನೇರವಾಗಿ ಪ್ರಶ್ನೆ ಕೇಳಿದರೆ ಬೆನ್ನು ನೆಟ್ಟಗಾಗಿ ಉತ್ತರ ಬಾಯಿಗೆ ಬಂದುಬಿಡುತ್ತದೆ.

"ಅಕ್ಕಾವ್ರು" ಅಂದೆ.

ಆಡಿದ ಕೂಡಲೇ ತಪ್ಪಾಯಿತು ಅಂತ ತಿಳಿಯಿತು.

"ಓಹ್. ಹಾಗಾದ್ರೆ ಆ ಅಜ್ಜಿ ಟ್ರ್ಯಾಕ್ ಕ್ಲೋಸ್ ಮಾಡಿ. ಹದಿನೇಳರಲ್ಲಿ ಧೂಳಿನ ಬಿರುಗಾಳಿ ಇದೆಯಲ್ಲ, ಅದರಲ್ಲೇ ಹೋಗಿಬಿಡಲಿ. ಸಿಂಪತಿನೂ ಬರುತ್ತೆ."

"ಮೇಡಂ, ಮಂಗಳದ ಗಾಳಿ ತುಂಬ ತೆಳು. ಎಷ್ಟೇ ಜೋರಾಗಿ ಬೀಸಿದರೂ ಮನುಷ್ಯರನ್ನ ಕೆಡವೋ ಶಕ್ತಿ ಅದಕ್ಕಿಲ್ಲ" ಅಂದೆ. ನನ್ನ ಧ್ವನಿ ನನಗೇ ಹಾಸ್ಯಾಸ್ಪದ ಅನಿಸಿತು.

"ಹಾಗಾದ್ರೆ ಹಾರ್ಟ್ ಅಟ್ಯಾಕ್ ಮಾಡಿ."

ನಿರ್ದೇಶಕ ಮಧ್ಯೆ ಬಿದ್ದು, ಹಣ್ಣಿಗೆ ಒಂದು ನಂಬುವಂಥ ವಿವರಣೆ ಕೊಡುತ್ತೇವೆ, ಟೈಮ್ ಕೊಡಿ ಅಂತ ಬೇಡಿದ. ಮುಂದಿನ ಸೋಮವಾರದವರೆಗೆ ಕೊಟ್ಟರು. "ಬಟ್ ಪ್ರೂಫ್ ಬೇಕು. ಎರಡನೇ ಸಲ ಟ್ರೋಲ್ ಆಗೋದಿಕ್ಕೆ ನನ್ನಿಂದ ಆಗಲ್ಲ."

ಹೊರಗೆ ಮಿಲ್ಲಿನ ಭತ್ತ ಒಣಗಿಸುವ ಕಣದಲ್ಲಿ ಅಕ್ಕಾವ್ರು ಹಿಂದೆ ಮುಂದೆ ನಡೆಯುತ್ತಾ ಆ ಕೊನೆಯ ಮಾತನ್ನು ಗುನುಗುತ್ತಿದ್ದರು. ನಾನು ಹೋಗಿ ಹೇಳಿದೆ. ನಾನೇ ಹೆಸರು ಹೇಳಿಬಿಟ್ಟೆ ಅಂತಲೂ ಹೇಳಿದೆ.

"ಖರೇನ ಹೇಳೀರಲ್ಲ, ಮತ್ತ್ಯಾಕ ಅಳ್ತೀರಿ?" ಅಂದರು. ಆಮೇಲೆ, "ಹಂಗಾರ ಆ ಮಾತು ಇಲ್ಲೇನು?" ಅಂತ ಕೇಳಿದರು. ಅವರು ಮತ್ತೆ ನಡೆಯಲು ಶುರು ಮಾಡಿದರು, ಬಿಟ್ಟ ಜಾಗದಿಂದಲೇ.

ಮಂಗಳವಾರದಿಂದ ಗುರುವಾರದವರೆಗೆ ನಾನು ಮಾಡಿದ್ದೆಲ್ಲ ಹುಚ್ಚು. ಮಂಗಳದಲ್ಲಿ ಹಳದಿ ಬಣ್ಣದ ಒಂದು ಖನಿಜ ನಿಜವಾಗಿಯೂ ಇದೆ, ಜಾರೋಸೈಟ್ ಅಂತ. ಅದು ಹಣ್ಣಲ್ಲ, ಖನಿಜದ ಉಂಡೆ ಅಂತ ಎರಡು ಪುಟ ಬರೆದೆ. ನಿರ್ದೇಶಕ ಓದಿ ಪಕ್ಕಕ್ಕಿಟ್ಟ. "ಚೆನ್ನಾಗಿದೆ ಮಿಸ್. ಆ ಖನಿಜಕ್ಕೆ ಕುಂಕುಮ ಹಚ್ಚಿದ್ದು ಯಾರು ಮಾರಾಯ್ರೆ? ಅದರೊಳಗೆ ಬೀಜ ಬೇರೆ ಕಾಣ್ತಿದೆ."

ಹಸಿರುಮನೆಯಲ್ಲಿ ಗುಟ್ಟಾಗಿ ಒಂದು ನಿಂಬೆಗಿಡ ಅಂದೆ. ನನ್ನ ನೋಟ್‌ಬುಕ್ಕೇ ತಡೆಯಿತು: ಏಳನೇ ಕಂತಿನಲ್ಲಿ ಕ್ಯಾಂಪಿನ ಗಿಡಗಳ ಪಟ್ಟಿಯನ್ನು ಪೂರ್ತಿ ಓದಿಸಿದ್ದೇವೆ, ಓದಿಸಿದ್ದೂ ನನ್ನ ಹಟದಿಂದಲೇ. ಪ್ರಯೋಗಕ್ಕೆ ಮಾಡಿದ ಪ್ಲಾಸ್ಟಿಕ್ ಹಣ್ಣು ಅಂದೆ. ಅದಕ್ಕೆ ನಾನೇ ನಗಬೇಕಾಯಿತು. ಆ ಹಣ್ಣು ಹಣ್ಣಲ್ಲ ಅಂತ ಸಾಧಿಸಲು ಮೂರು ದಿನ ಹೋಯಿತು. ಶುಕ್ರವಾರ ಬೆಳಿಗ್ಗೆ ಕ್ವಾರಿಯಿಂದ ಶಿಕಾರಿಪುರಕ್ಕೆ ವಾಪಸ್ ಬರುವ ಬಸ್ಸು ಉಡುತಡಿ ದಾಟುವಾಗ ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿದೆ. ವಯಸ್ಸಾದ ಒಬ್ಬ ಹೆಂಗಸು ನಲವತ್ತು ವರ್ಷ ಕಾದ ಮೂರೂವರೆ ನಿಮಿಷವನ್ನು ನಾನು ಒಂದೇ ಮಾತಿನಲ್ಲಿ ಕಿತ್ತುಕೊಂಡಿದ್ದೆ.

ಮಿಲ್ಲಿಗೆ ಹೋದವಳೇ ಅಕ್ಕಾವ್ರನ್ನು ಕೇಳಿದೆ. ಅಷ್ಟು ದಿನ ನಾವ್ಯಾರೂ ಕೇಳದೇ ಇದ್ದ ಪ್ರಶ್ನೆ. "ಯಾಕೆ ಇಟ್ರಿ ಅಕ್ಕಾವ್ರೆ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಯಾಕಂದ್ರ? ಮೂರು ಮಕ್ಕಳು ಹತ್ತೋ ಗಾಡಿ. ಬ್ರೇಕ್ ಸೈತ ಇಲ್ಲ. ಬರೇ ಹಂಗ ಬಿಡಾಕ ಆಗ್ತೈತೇನ್ರಿ?"

"ಆದ್ರೆ ಅದು ಮಂಗಳ..."

"ಎಲ್ಲಾದ್ರೂ ಆಗ್ಲಿ. ಗಾಡಿ ಗಾಡೀನ, ಮಕ್ಕಳು ಮಕ್ಕಳ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ನೋಟ್‌ಬುಕ್ ತೆಗೆದೆ. ಎಡಗಡೆ ಪುಟಗಳನ್ನು ಮೊದಲಿನಿಂದ ತಿರುವಿದೆ. ಒಂದನೇ ಕಂತು: ಶಾಂತವ್ವನ ಹತ್ತಿರ ಕುಂಕುಮದ ಭರಣಿ. ಎರಡು: ಗಗನನೌಕೆಯಲ್ಲಿ ಬಂದ ಊಟವೆಲ್ಲ ಫ್ರೀಜ್ ಡ್ರೈ, ಅಂದರೆ ಹೆಪ್ಪುಗಟ್ಟಿಸಿ ನೀರು ಹೀರಿ ತೆಗೆದದ್ದು. ಮೂರು: ಹಣ್ಣಿನ ರುಚಿ ನೋಡಿಲ್ಲ. ಐದು: ಮೊದಲ ತಂಡದವರಿಗೆ ತಲಾ ಒಂದು ಸ್ವಂತ ಗಂಟು ತರಲು ಅನುಮತಿ, ಶಾಂತವ್ವನ ಗಂಟು ಕಪಾಟಿನಲ್ಲಿದೆ, ಬಿಚ್ಚಿಲ್ಲ. ಒಳಗೆ ಏನು ಅಂತ ನಾವು ಎಲ್ಲೂ ಹೇಳಿರಲಿಲ್ಲ. ಹದಿನಾಲ್ಕು: ಸೂಟ್ ಹಾಕಿಕೊಂಡು ಹೊರಗೆ ನಿಂತಿದ್ದಾಳೆ, ಗಾಡಿಯಿಂದ ನಾಲ್ಕು ಹೆಜ್ಜೆ ದೂರ.

ಜಾರೋಸೈಟಿನ ಪುಟವನ್ನು ಅಡ್ಡ ಗೆರೆ ಎಳೆದು ಹೊಡೆದು ಹಾಕಿದೆ. ಕೆಳಗೆ ಬರೆದೆ: ಅದು ನಿಂಬೆಹಣ್ಣೇ. ಆಕೆ ಗಂಟಿನಲ್ಲಿ ತಂದಿದ್ದಳು, ಫ್ರೀಜ್ ಡ್ರೈ ಮಾಡಿಸಿ. ಹನ್ನೊಂದು ವರ್ಷ ರುಚಿ ನೋಡಲಿಲ್ಲ. ಮಕ್ಕಳು ಹೊರಟಾಗ ಗಾಲಿ ಕೆಳಗೆ ಇಟ್ಟಳು.

ನಿರ್ದೇಶಕ ಓದಿದ. "ಇದನ್ನ ಅವಳೇ ಹೇಳಬೇಕು ಮಿಸ್. ಮಗಳಿಗೆ. ಆ ಸಂದೇಶವನ್ನೇ ಹದಿನೇಳಕ್ಕೆ ತರ‍್ತೀನಿ" ಅಂದ.

ಇನ್ನು ಪ್ರೂಫ್. ಹಾಗೆ ಒಣಗಿಸಿದ ಹಣ್ಣಿನಲ್ಲಿ ನೀರಿಲ್ಲ. ನೀರಿಲ್ಲದ ಮೇಲೆ ಮಂಗಳದ ತೆಳು ಗಾಳಿಯಲ್ಲಿ ಕುದಿಯುವುದಕ್ಕೆ, ಸಿಡಿಯುವುದಕ್ಕೆ ಅದರೊಳಗೆ ಏನೂ ಇಲ್ಲ. ಬಿದ್ದಲ್ಲಿ ಬಿದ್ದಿರುತ್ತದೆ. ನಮ್ಮ ಫೋಟೋದ ಹಣ್ಣು ಬೆಳಗಿನ ರಿಹರ್ಸಲ್ಲಿಗೇ ಹಿಂಡಿಹೋಗಿ ಕ್ವಾರಿಯ ಬಿಸಿಲಲ್ಲಿ ಒಣಗಿತ್ತು, ರಸವನ್ನೆಲ್ಲ ಜಂಬಿಟ್ಟಿಗೆ ಕುಡಿದಿತ್ತು. ಸುತ್ತ ಒದ್ದೆ ಇರಲಿಲ್ಲ. ಆದರೆ ಫ್ರೀಜ್ ಡ್ರೈ ಮಾಡಿದ ಹಣ್ಣು ಗಾಲಿಗೆ ಸಿಕ್ಕರೆ ಹಾಗೇ ಕಾಣುತ್ತದಾ? ಮಾಡಿ ನೋಡಬೇಕು. ಶಾಲೆಯ ಬೀಗದ ಕೈ ಇಸಿದುಕೊಂಡೆ.

ಆ ಬೆಲ್ ಜಾರಿನೊಳಗೆ ಮೂವತ್ತು ವರ್ಷ ಎಲೆಕ್ಟ್ರಿಕ್ ಬೆಲ್ ಇಟ್ಟು, ಗಾಳಿ ತೆಗೆದರೆ ಸದ್ದು ಸಾಯುತ್ತದೆ ಅಂತ ಮಕ್ಕಳಿಗೆ ತೋರಿಸಿದವಳು ನಾನು. ಶುಕ್ರವಾರ ಮಧ್ಯಾಹ್ನ ಪಂಪು ಎರಡು ಸಲ ಕೆಮ್ಮಿ ನಿಂತಿತು. ಎಣ್ಣೆ ಡಾಂಬರಿನ ಹಾಗಾಗಿತ್ತು. ಹೊಸ ಎಣ್ಣೆ ಹಾಕಿದೆ. ಮುಳ್ಳು ಅರ್ಧಕ್ಕೆ ಬಂದು ನಿಂತಿತು, ಜಾರಿನ ಅಂಚಿನಲ್ಲಿ ಸೋರಿಕೆ. ಅದಕ್ಕೆ ಬೇಕಾದ ಗ್ರೀಸ್ ಎಲ್ಲಿ ಸಿಗಬೇಕು? ಟಿಲ್ಲರಿಗೆ ಹಾಕುವ ಗ್ರೀಸನ್ನೇ ಬಳಿದೆ. ಹಿಡಿಯಿತು. ಹಣ್ಣನ್ನು ಹಾಗೇ ಇಡಿಯಾಗಿ ಇಟ್ಟಿದ್ದೆ. ಸಂಜೆ ತೆಗೆದರೆ ಕಂದು ಬಣ್ಣಕ್ಕೆ ತಿರುಗಿ, ಸುಕ್ಕಾಗಿ, ಹಳೇ ಚಪ್ಪಲಿಯ ಹಾಗೆ. ಇದನ್ನು ಯಾರಿಗೆ ತೋರಿಸಲಿ?

ಶನಿವಾರ ಬೇರೆ ದಾರಿ ಹಿಡಿದೆ. ಹಣ್ಣುಗಳನ್ನು ಹೋಳು ಮಾಡಿ, ಐಸ್‌ಕ್ರೀಮ್ ಅಂಗಡಿಯ ಫ್ರೀಜರಿನಲ್ಲಿ ಕಲ್ಲಾಗಿಸಿ, ಸ್ಟೀಲ್ ಡಬ್ಬಿಯಲ್ಲಿ ಓಡೋಡಿ ತಂದೆ. ಜಾರಿನ ಸುತ್ತ ಉಪ್ಪು ಬೆರೆಸಿದ ಐಸು. ಒಳಗೊಂದು ತಟ್ಟೆಯಲ್ಲಿ ತೇವ ಹೀರುವ ನೀಲಿ ಸಿಲಿಕಾ ಜೆಲ್. ಅದು ಗುಲಾಬಿ ಬಣ್ಣಕ್ಕೆ ತಿರುಗಿದ ಕೂಡಲೇ ತೆಗೆದು, ಬಾಣಲೆಯಲ್ಲಿ ಹುರಿದು ನೀಲಿ ಮಾಡಿ, ಮತ್ತೆ ಇಡಬೇಕು. ಕರೆಂಟು ಎರಡು ಸಲ ಹೋಯಿತು. ಪ್ರತಿ ಸಲವೂ ಹೋಳುಗಳನ್ನು ತಿರುಗಿ ಐಸಿನೊಳಗೆ ಹೂಳಿ ಕಾದೆ.

ಅಕ್ಕಾವ್ರು ಶನಿವಾರವೂ ಭಾನುವಾರವೂ ಬಂದರು. ಮಕ್ಕಳ ಬೆಂಚಿನ ಮೇಲೆ ಕಾಲು ಮಡಚಿ ಕೂತು ಪಂಪಿನ ತಾಳಕ್ಕೆ ಮಾತು ಹಾಕಿಕೊಳ್ಳುತ್ತಿದ್ದರು. ಹಳೆಯ ಮಾತು ಒಂದು ಅಕ್ಷರ ತಪ್ಪದೆ ಬರುತ್ತಿತ್ತು: "ಮಗಳೇ, ನಾನು ಆಡಿದ್ದು ನಿನಗೆ ಮುಟ್ಟೋಕೆ ಹದಿನಾಲ್ಕು ನಿಮಿಷ ಬೇಕಂತೆ. ನೀನು ಹೂಂ ಅಂದಿದ್ದು ನನಗೆ ಮುಟ್ಟೋಕೆ ಇನ್ನೂ ಹದಿನಾಲ್ಕು. ಅದಕ್ಕೆ ನೀನು ಹೂಂ ಅನ್ನಬೇಡ. ಸುಮ್ಮನೆ ಕೇಳು." ಇಲ್ಲಿ ನಿರ್ದೇಶಕ ನಾಲ್ಕೇ ನಾಲ್ಕು ಹೊಸ ಸಾಲು ಸೇರಿಸಿದ್ದ. 'ಒಂದು ನಿಂಬೆಹಣ್ಣು ತಂದಿದ್ದೆ' ಅಂತ ಶುರುವಾಗುವುದು. ಅದು ಅವರ ತಲೆಯಲ್ಲಿ ನಿಲ್ಲಲಿಲ್ಲ. ಹತ್ತು ಸಲ ಹೇಳಿ, ನೀರು ಕುಡಿದು ಬಂದರೆ ಇಲ್ಲ. ಭಾನುವಾರ ಮಧ್ಯಾಹ್ನ ಅವರು ತಮ್ಮ ಹಣೆಯನ್ನು ತಾವೇ ಬೆಂಚಿಗೆ ಎರಡು ಸಲ ಬಡಿದುಕೊಂಡರು, ಮೆಲ್ಲಗೆ, ಬಾಗಿಲು ತಟ್ಟುವ ಹಾಗೆ. "ತೆಗೀ, ತೆಗೀ" ಅಂದರು. ನಾನು ಎದ್ದು ಹೋಗಿ ಸಿಲಿಕಾ ಜೆಲ್ ಹುರಿದೆ. ಬೇರೆ ಏನು ಮಾಡಲಿ?

ಆದರೆ ಹಣ್ಣು ಬಂತು. ಸಂಜೆ ಜಾರ್ ಎತ್ತಿದಾಗ ಹೋಳುಗಳು ಎಳೆ ಹಳದಿ, ಬೀಜ ಸಮೇತ, ಒಣಗಿದ ಹೂವಿನಷ್ಟು ಹಗುರ. ಸೋಮವಾರ ಊಟವಾದ ಮೇಲೆ ಕ್ವಾರಿಯಲ್ಲಿ ಒಂದಕ್ಕೆ ಕುಂಕುಮ ಹಚ್ಚಿ ಟಿಲ್ಲರ್ ಹತ್ತಿಸಿದೆವು. ಅದೇ ಜಾಗ, ಅದೇ ಲೆನ್ಸ್, ಅದೇ ಹೊತ್ತಿನ ನೆರಳು. ಎರಡು ಫೋಟೋ ಪಕ್ಕಪಕ್ಕ ಇಟ್ಟು ಕಳಿಸಿದೆವು. ನಮ್ಮದು ಅಂಚಿನಲ್ಲಿ ಸ್ವಲ್ಪ ಜಾಸ್ತಿ ಪುಡಿಯಾಗಿತ್ತು. ಅದನ್ನೂ ಬರೆದು ತಿಳಿಸಿದೆ.

ಮೇಡಂ ಕಾಲ್ ಮಾಡಿದರು. "ಕನ್ವಿನ್ಸಿಂಗ್ ಆಗಿದೆ. ಬುಧವಾರ ಒಂದು ದಿನ ಕೊಡ್ತೀನಿ. ಆ ಸೀನ್ ನೋಡಿದ ಮೇಲೆ ಅಜ್ಜಿ ವಿಷಯ ಡಿಸೈಡ್ ಮಾಡ್ತೀನಿ."

ಬುಧವಾರ. ರೈಸ್ ಮಿಲ್ಲಿನೊಳಗೆ ಸಂದೇಶ ಕಳಿಸುವ ಕೋಣೆಯ ಸೆಟ್. ಕಾರ್ಡ್ ಅಂಟಿಸುವ ಹಾಗಿಲ್ಲ, ಕಣ್ಣು ಅಲ್ಲಾಡಿದರೆ ಕ್ಲೋಸಪ್ಪಿನಲ್ಲಿ ಗೊತ್ತಾಗುತ್ತದೆ. ಗುಟ್ಟಾಗಿ ಮಾತು ಹೇಳಿಕೊಡಲು ನಾನು ತಂದ ಕಿವಿಯ ಯಂತ್ರವನ್ನು ಅವರು ಕಿತ್ತೆಸೆದರು. ಕಂಪನಿಯಲ್ಲಾದರೆ ಮಾತು ಎತ್ತಿಕೊಡುವವರು ಸ್ಟೇಜಿನ ಪಕ್ಕದ ಪರದೆಯ ಮರೆಯಲ್ಲಿ ನಿಂತು ಪಿಸುಗುಟ್ಟುತ್ತಿದ್ದರಂತೆ. ಇಲ್ಲಿ ಮೈಕು ನೊಣದ ಸದ್ದನ್ನೂ ಹಿಡಿಯುತ್ತದೆ. ಎರಡು ಟೇಕ್ ಹಾಳಾದವು. ಎರಡೂ ಅದೇ ಜಾಗದಲ್ಲಿ. ನಿರ್ದೇಶಕನಿಗೆ ಆಗ ಅರ್ಥವಾಯಿತು. ನನ್ನ ಕಡೆ ನೋಡಿದ. ನಾನು ತಲೆ ಆಡಿಸಿದೆ.

"ಇನ್ನೊಂದು ಸಲ" ಅಂದ, "ಕಟ್ ಅನ್ನಲ್ಲ."

ನಾನು ಸೀರೆ ಎತ್ತಿ ಕಟ್ಟಿ, ಮೊಣಕಾಲನ್ನು ಶಪಿಸುತ್ತ, ಅವರ ಮುಂದಿನ ಮೇಜಿನ ಕೆಳಗೆ ತೂರಿ ಕೂತೆ. ಕೈಯಲ್ಲಿ ಉಳಿದ ಒಂದು ಹೋಳು.

"ಮಗಳೇ..." ಸಲೀಸಾಗಿ ಬಂತು. ಹದಿನಾಲ್ಕು ನಿಮಿಷ ಬಂತು. "ಸುಮ್ಮನೆ ಕೇಳು."

ನಿಂತಿತು.

ಕೆಳಗಿನಿಂದ ನನಗೆ ಕಂಡದ್ದು ಅವರ ಗದ್ದ ಮಾತ್ರ. ಒಂದು, ಎರಡು, ಮೂರು... ನಾನು ಸೆಕೆಂಡು ಎಣಿಸಿದೆ. ಹನ್ನೊಂದಕ್ಕೆ ನನ್ನ ಕೈ ತಾನಾಗಿ ಚಾಚಿತು. ಅಂಗೈ ಮೇಲೆ ಹೋಳು. ಅವರು ಕಣ್ಣು ಇಳಿಸಿದರು. ನೋಡಿದರು, ಇದು ಏನು ಅಂತ ಗೊತ್ತಿಲ್ಲದವರ ಹಾಗೆ. ಆಮೇಲೆ ಬೆರಳುಗಳು ಬಂದು ಅದನ್ನು ಎತ್ತಿಕೊಂಡವು.

ಆ ಕ್ಷಣದಲ್ಲೂ ನನ್ನ ತಲೆ ತಪ್ಪು ಹುಡುಕುತ್ತಿತ್ತು ಅಂದರೆ ನಂಬಬೇಕು. ಹಣ್ಣು ಗಾಲಿಗೆ ಸಿಕ್ಕಿ ಹೋಗಿದೆ, ಇವಳ ಕೈಯಲ್ಲಿ ಹೇಗೆ? ಇಲ್ಲ, ಫೋಟೋದಲ್ಲಿ ಇದ್ದದ್ದು ಅರ್ಧ. ಇನ್ನರ್ಧವನ್ನು ನಾವು ಎಲ್ಲೂ ತೋರಿಸಿಲ್ಲ.

"ಇದನ್ನ ತಂದಿದ್ದೆ" ಅಂದರು ಅಕ್ಕಾವ್ರು. ಬರೆದ ಸಾಲಲ್ಲ. "ಅರ್ಧ ಮಕ್ಕಳ ಗಾಡಿಗಾತು. ಇದು ನಿಂದು. ಕಳಿಸೋದು ಹೆಂಗಂತ ನನಗ ತಿಳೀವಲ್ದು." ಅಲ್ಲಿಂದ ಹಳೆಯ ಮಾತು ಕೈ ಹಿಡಿಯಿತು. ಕೊನೆಯವರೆಗೆ ಒಂದು ಅಕ್ಷರ ತಪ್ಪಲಿಲ್ಲ.

ನಾನು ಮೇಜಿನ ಕೆಳಗಿನಿಂದಲೇ ಶೀಟ್ ಕೇಳಿ ಓಕೆ ಬರೆದೆ.

ಪ್ರಸಾರವಾದ ಮೇಲೆ ನಗುತ್ತಿದ್ದವರು ಸುಮ್ಮನಾದರು. ಆ ಹನ್ನೊಂದು ಸೆಕೆಂಡಿನ ಬಗ್ಗೆ ಎಷ್ಟು ಜನ ಬರೆದರು! ಉತ್ತರ ಬರುವುದಿಲ್ಲ ಅಂತ ಗೊತ್ತಿದ್ದೂ ತಾಯಿ ಮಗಳ ಹೂಂಗೆ ಕಾಯುತ್ತಾಳೆ, ಎಂಥ ಅಭಿನಯ ಅಂತ. ಮೇಡಂ ಕೂಡ ಅದನ್ನೇ ಹೇಳಿದರು. ನಾವು ಯಾರೂ ತಿದ್ದಲಿಲ್ಲ. ಅಜ್ಜಿ ಟ್ರ್ಯಾಕ್ ಕ್ಲೋಸ್ ಆಗಲಿಲ್ಲ. ಇಪ್ಪತ್ತನೇ ಕಂತಿಗೆ ಸೀರಿಯಲ್ಲೇ ಕ್ಲೋಸ್ ಆಯಿತು, ನೋಡುವವರು ಸಾಲದು ಅಂತ. ಕ್ವಾರಿಯಲ್ಲಿ ಈಗ ಮಳೆನೀರು ನಿಂತಿದೆಯಂತೆ.

ಅಕ್ಕಾವ್ರನ್ನು ನಾನು ಕೊನೆಯ ಸಲ ನೋಡಿದ್ದು ಮರುವರ್ಷ, ತೊಗರ್ಸಿಯಲ್ಲಿ, ಅವರ ತಂಗಿಯ ಮಗಳ ಮನೆ ಜಗಲಿಯ ಮೇಲೆ. ನನ್ನನ್ನು ಗುರುತು ಹಿಡಿಯಲಿಲ್ಲ. "ಯಾವೂರಾತ್ರೀ?" ಅಂತ ಕೇಳಿದರು, ಮರ್ಯಾದೆಯಿಂದ. ನಾನು ಪಕ್ಕದಲ್ಲಿ ಕೂತು ಫೋನಿನಲ್ಲಿ ಆ ದೃಶ್ಯ ಹಾಕಿದೆ. ಪರದೆಯ ಮುದುಕಿಯನ್ನು ಅವರು ಪರಕೀಯಳನ್ನು ನೋಡುವ ಹಾಗೆ ಕುತೂಹಲದಿಂದ ನೋಡಿದರು. "ಸುಮ್ಮನೆ ಕೇಳು" ಅಂತ ಅವಳು ಅಂದಳು. ಮೌನ ಶುರುವಾಯಿತು.

ಅಕ್ಕಾವ್ರು ಮುಂದೆ ಬಾಗಿದರು. ಇಡೀ ನಾಡು ನೋಡಿ ಯಾರಿಗೂ ಕಾಣದ್ದು ಅವರಿಗೆ ಕಂಡಿತು.

"ಮಾತು ಮರ್ತಾಳ, ಪಾಪ" ಅಂದರು. ನನ್ನ ಮೊಣಕೈ ಹಿಡಿದು ಗಾಬರಿಯಿಂದ ಅಲ್ಲಾಡಿಸಿದರು. "ಯಾರಾರ ಎತ್ತಿಕೊಡ್ರಿ. ಯಾರೂ ಇಲ್ಲೇನು ಅಲ್ಲಿ?"

ನಾನು ಫೋನಿನ ಕೆಳಗೆ ಅಂಗೈ ಚಾಚಿದೆ, ಖಾಲಿ ಅಂಗೈ. ಅವರು ಅದನ್ನು ನೋಡಲಿಲ್ಲ. ಪರದೆಯಲ್ಲಿ ಆ ಮುದುಕಿ ಕಣ್ಣು ಇಳಿಸಿದಳು, ಕೈ ಇಳಿಸಿದಳು, ಹೋಳು ಎತ್ತಿಕೊಂಡಳು.

ಅಕ್ಕಾವ್ರು ಹಿಂದಕ್ಕೆ ಒರಗಿ ಉಸಿರು ಬಿಟ್ಟರು.

"ಕೊಟ್ರು ನೋಡ್ರಿ" ಅಂದರು. "ಯಾರೋ ಕೊಟ್ರು."